ಎಡಗಾಲಿಗೊಂದು ಪೆಡಲು

ಮೆಕ್ಯಾನಿಕ್ ಮುನಾವರನ ಷೆಡ್ಡಿನ ಮುಂದೆ ಅಂಬಾಸಿಡರ್ ಧಡ್ಡನೆ ನಿಂತಿತು. ಹಿಂದಿನ ಸೀಟಿನ ರೇಷ್ಮೆಗೂಡಿನ ಚೀಲ ಉರುಳಿತು, ಅದನ್ನು ಹಿಡಿದು ಕೂತಿದ್ದ ಶಿವಲಿಂಗಮ್ಮನೂ ಉರುಳಿದಳು. ಸ್ಟೀರಿಂಗಿಗೆ ಎದೆ ಬಡಿಸಿಕೊಂಡ ಅವಳ ಗಂಡ ಬೋರಲಿಂಗಯ್ಯ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ಲೇ ಮುನಾವರ್, ಬಾರ್ಲಾ ಇಲ್ಲಿ! ನೀನು ಮಾಡ್ಕೊಟ್ಟಿರೋದು ಕಾರೋ, ಕೋಣವೋ?”

ಮುನಾವರ್ ಹಣೆ ಚಚ್ಚಿಕೊಂಡ. ಕಾರು ಕೊಟ್ಟು ವಾರವಾಗಿರಲಿಲ್ಲ, ಆಗಲೇ ದೂರಿನ ಮೇಲೆ ದೂರು. ಸಾತನೂರಿನ ಈ ಗೌಡ ಹೊಲದ ಬದುವಿನಿಂದ ಜಾರಿ ಎಡಮಂಡಿ ಮುರಿದುಕೊಂಡಿದ್ದ. ಮೂಳೆ ಕೂಡಿತ್ತು, ಆದರೆ ಕ್ಲಚ್ಚು ತುಳಿಯುವಷ್ಟು ಬಲ ಬಂದಿರಲಿಲ್ಲ. ಡ್ರೈವರ್ ಇಟ್ಟುಕೊಳ್ಳಿ ಎಂದರೆ, “ನನ್ ಗಾಡಿನ ಇನ್ನೊಬ್ಬ ಓಡ್ಸೋದಾ? ಅದ್ಕಿಂತ ನಾನು ಸತ್ತೋಗೋದೇ ವಾಸಿ” ಎನ್ನುತ್ತಿದ್ದ. ತನ್ನ ಗೂಡನ್ನು ತನ್ನ ಕಾರಿನಲ್ಲಿ ತಾನೇ ಓಡಿಸಿಕೊಂಡು ರಾಮನಗರದ ಮಾರುಕಟ್ಟೆಗೆ ತರಬೇಕು. ಅವನಿಗೆ ಬೇಕಿದ್ದುದು ಅಷ್ಟೇ. ಅದಕ್ಕೇ ಮುನಾವರ್ ಶಿವಾಜಿನಗರದ ಗುಜರಿಯೆಲ್ಲ ಜಾಲಾಡಿ, ಗುದ್ದಿಸಿಕೊಂಡು ಬಿದ್ದಿದ್ದ ಹೊಸ ನಮೂನೆಯ ಕಾರೊಂದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೊತ್ತು ತಂದಿದ್ದ. ಅಂಬಾಸಿಡರಿನ ಹೊಟ್ಟೆ ಬಡಿದು ಅಗಲ ಮಾಡಿ, ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ ಕೂಡಿಸಿ, ಹೇಗೋ ಹೊಂದಿಸಿದ್ದ. ಕ್ಲಚ್ಚಿಲ್ಲದ ಅಂಬಾಸಿಡರ್! ಜಿಲ್ಲೆಯಲ್ಲಿ ಇನ್ನೊಂದು ತೋರಿಸಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಈಗ ಆ ಮೀಸೆಯ ಗತಿ ಏನಾಗುತ್ತದೋ ಎಂಬ ಚಿಂತೆ ಅವನಿಗೆ.

“ಎಡಗಾಲಲ್ಲಿ ಬ್ರೇಕ್ ತುಳಿದ್ರಾ ಗೌಡ್ರೇ?”

“ನಾನೆಲ್ಲಿ ತುಳ್ದೆ? ಕಾಲೇ ತುಳೀತು.”

ಸುಳ್ಳಲ್ಲ. ಗಾಡಿ ನಿಲ್ಲಿಸುವಾಗೆಲ್ಲ ಕ್ಲಚ್ಚು ತುಳಿದು ಪಳಗಿದ ಕಾಲು ಅದು. ಈಗಲೂ ತಾನಾಗಿ ಮೇಲೇಳುತ್ತಿತ್ತು, ಕ್ಲಚ್ಚು ಸಿಗದೆ ಕೊರಡಿನ ಹಾಗೆ ಬ್ರೇಕಿನ ಮೇಲೆ ಬೀಳುತ್ತಿತ್ತು.

“ಇನ್ನೊಂದು,” ಎಂದ ಬೋರಲಿಂಗಯ್ಯ, ಕೋಲೂರಿ ಕೆಳಗಿಳಿಯುತ್ತಾ. “ಕನಕಪುರ ದಾಟಿದ್ ಮ್ಯಾಲೆ ಓಡ್ತಾ ಓಡ್ತಾ ಇಂಜಿನ್ ಸುಮ್ಕಾಗ್ಬುಡ್ತದೆ. ಜೀವ ಓಯ್ತೇನೋ ಅನ್ಕಂಡೆ.”

“ಅದು ಓವರ್‌ಡ್ರೈವು ಗೌಡ್ರೇ! ಕೊನೇ ಗೇರು. ಗಾಡಿ ಜೋರಾಗ್ ಓಡುತ್ತೆ, ಇಂಜಿನ್ ನಿಧಾನ ಸುತ್ತುತ್ತೆ. ಅದಕ್ಕೇ ಸದ್ದಿಲ್ಲ.”

“ದುಡಿಯೋ ಎತ್ತು ಬುಸುಗುಟ್ಬೇಕು ಕಣ್ಲಾ. ಸುಮ್ಕಿದ್ರೆ ಅದಕ್ಕೇನೋ ಕಾಯ್ಲೆ ಅಂತ್ಲೇ ಲೆಕ್ಕ.”

ಚೀಲ ನೆಟ್ಟಗೆ ಮಾಡುತ್ತಿದ್ದ ಶಿವಲಿಂಗಮ್ಮ ಒಳಗಿನಿಂದಲೇ ಅಂದಳು: “ಕಾಲ್ಗೆ ಮರಳಿನ ಚೀಲ ಕಟ್ಕಂಡು ದಿನಾ ಎತ್ತಿ ಇಳ್ಸಿ ಅಂತ ಡಾಕ್ಟ್ರು ಬಡ್ಕಂಡ್ರು ಕಣಪ್ಪ. ಇವ್ರು ಒಂದಿನ ಮಾಡಿದ್ರೆ ಕೇಳು. ‘ನಾನೇನ್ ಸರ್ಕಸ್ನೋನಾ’ ಅಂತಾರೆ.”

“ನೀನ್ ಸುಮ್ಕಿರಮ್ಮಿ,” ಎಂದ ಬೋರಲಿಂಗಯ್ಯ. “ಮುನಾವರ್, ನನ್ ಕ್ಲಚ್ಚು ನಂಗ್ ಕೊಟ್ಬುಡು.”

ಮುನಾವರನಿಗೆ ರೇಗಿಹೋಯಿತು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕ್ಲಚ್ ಪೆಡಲನ್ನು ತಂದು ಅದರ ಜಾಗದಲ್ಲೇ ಬೋಲ್ಟ್ ಹಾಕಿ ಬಿಗಿದ. ತುಳಿದು ಬಿಟ್ಟಾಗ ಮೇಲೇಳಲಿ ಎಂದು ಒಂದು ಸ್ಕೂಟರ್ ಸ್ಟ್ಯಾಂಡಿನ ಸ್ಪ್ರಿಂಗ್ ಸಿಕ್ಕಿಸಿದ. “ತಗೊಳ್ಳಿ, ಎಷ್ಟ್ ಬೇಕಾದ್ರೂ ತುಳೀರಿ. ಇದು ಯಾವ್ದಕ್ಕೂ ತಾಗಲ್ಲ.”

“ತಾಗ್ದಿದ್ರೆ ಬುಡು. ಕಾಲ್ಗೊಂದು ಕೆಲ್ಸ ಆಯ್ತು.”

ಮುಂದಿನ ಸಲ ಗೂಡು ತಂದಾಗ ಕಾರು ಷೆಡ್ಡಿನ ಮುಂದೆ ಮೆತ್ತಗೆ ಬಂದು ನಿಂತಿತು. ಅಬ್ಬ, ಪೀಡೆ ಕಳೆಯಿತು ಎಂದುಕೊಂಡ ಮುನಾವರ್. ಕಳೆದಿರಲಿಲ್ಲ.

“ಕ್ಲಚ್ಚು ತೀರಾ ಹಗೂರ ಐತೆ ಕಣ್ಲಾ. ಬೆಣ್ಣೆ ತುಳ್ದಂಗಾಯ್ತದೆ.”

“ಯಾ ಅಲ್ಲಾ! ಅದು ಕ್ಲಚ್ಚೇ ಅಲ್ಲ ಗೌಡ್ರೇ!”

“ಅಲ್ದಿದ್ರೂ ಒಸಿ ಬಿಗಿ ಬ್ಯಾಡ್ವಾ?”

ಇಂಥವನ ಜೊತೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಮುನಾವರ್ ಟೆಂಪೋದ ಸ್ಪ್ರಿಂಗ್ ಹಾಕಿಕೊಟ್ಟ. ಮುಂದಿನ ಬೆಳೆಗೆ ಅದೂ ಹಗುರವಾಯಿತಂತೆ. ಹಲ್ಲು ಕಚ್ಚಿಕೊಂಡು ಲಾರಿಯದೊಂದನ್ನು ಹುಡುಕಿ ಸಿಕ್ಕಿಸಿದ. ಇದನ್ನು ತುಳಿಯುವುದಿರಲಿ, ಅಲುಗಾಡಿಸಲಿ ನೋಡೋಣ ಎಂಬ ಹಟ ಅವನಿಗೂ ಬಂದಿತ್ತು.

ದಸರಾ ಕಳೆದ ಮೇಲೆ ಬೋರಲಿಂಗಯ್ಯ ಮತ್ತೆ ಬಂದ. ಮುನಾವರ್ ಷೆಡ್ಡಿನ ಬಾಗಿಲಲ್ಲಿ ಟೀ ಕುಡಿಯುತ್ತಾ ಕೂತಿದ್ದ.

“ಹಳೇ ಗೇರ್‌ಬಾಕ್ಸ್ ಎಲ್ಲೈತ್ಲಾ?”

“ಇದೇ, ಇದ್ರ ಮೇಲೇ ಕೂತಿದ್ದೀನಿ. ಯಾಕೆ?”

“ಏಳ್ ಮ್ಯಾಕೆ. ಅದ್ನ ವಾಪಸ್ ಹಾಕ್ಬುಡು. ಗಾಡಿ ತಾನೇ ಗೇರ್ ಹಾಕ್ತದೆ, ತಾನೇ ತೆಗೀತದೆ. ಒಳಗೆ ಇನ್ನೊಬ್ಬ ಡ್ರೈವರ್ನ ಕೂರುಸ್ಕಂಡಂಗೇ ಆಯ್ತಲ್ಲ ಇದು! ಮತ್ತೆ ನಾನ್ಯಾಕೆ?”

ಟೀ ಗಂಟಲಲ್ಲಿ ಸಿಕ್ಕಿ ಮುನಾವರ್ ಕೆಮ್ಮಿದ. ಮೈಯೆಲ್ಲ ಉರಿದುಹೋಯಿತು. “ಏನ್ ಆಟ ಆಡ್ತಿದ್ದೀರಾ ಗೌಡ್ರೇ? ಯಾರಿಗೋಸ್ಕರ ನಾನು ಊರೂರು ಅಲೆದೆ? ಆ ಕಾಲಲ್ಲಿ ನೀವು ಕ್ಲಚ್ಚು…”

ಅಷ್ಟರಲ್ಲಿ ಅವನ ಕಣ್ಣು ಗೌಡನ ಕಾಲಿನ ಮೇಲೆ ಬಿತ್ತು. ಬೋರಲಿಂಗಯ್ಯ ಬಲಗಾಲನ್ನು ಕಾರಿನ ಬಂಪರಿನ ಮೇಲಿಟ್ಟು, ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಬಿಟ್ಟು ನಿಂತಿದ್ದ.

“ಕೋಲೆಲ್ಲಿ ಗೌಡ್ರೇ?”

ಬೋರಲಿಂಗಯ್ಯ ತನ್ನ ಎರಡೂ ಕೈ ನೋಡಿಕೊಂಡ. “ಅದಾ? ಮನೇಲೇ ಬುಟ್ಬಂದೆ ಅಂತ ಕಾಣ್ತದೆ. ನಿಂಗ್ಯಾಕ್ಲಾ ಕೋಲು? ಗೇರ್‌ಬಾಕ್ಸ್ ನೋಡು.”

ಮುನಾವರ್ ಗೊಣಗುತ್ತಾ ಕಾರಿನೊಳಗೆ ತೂರಿಕೊಂಡು ಮೊದಲು ಆ ಸುಳ್ಳು ಪೆಡಲನ್ನು ಬಿಚ್ಚಿದ. ಇಷ್ಟು ದಿನ ಪ್ರಾಣ ತಿಂದಿದ್ದ ಅದನ್ನು ಸ್ಪ್ರಿಂಗಿನ ಸಮೇತ ಗುಜರಿ ರಾಶಿಯ ಮೇಲೆ ಎಸೆದ.

ಶಿವಲಿಂಗಮ್ಮ ಹಿಂದಿನ ಬಾಗಿಲು ತೆಗೆದು ಇಳಿದಳು. ರಾಶಿಯ ಹತ್ತಿರ ಹೋಗಿ ಪೆಡಲನ್ನು ಎತ್ತಿಕೊಂಡಳು. ಅದಕ್ಕೆ ಮೆತ್ತಿದ್ದ ಗ್ರೀಸನ್ನು ಸೆರಗಿನಿಂದ ಒರೆಸಿ, ಎರಡೂ ಕಣ್ಣಿಗೆ ಒತ್ತಿಕೊಂಡಳು.