ನೂರಾ ಹನ್ನೆರಡು

ಮೊಡೆನಾ ಊರಾಚೆಯ ಶೆಡ್ಡಿನಲ್ಲಿ ಎರಡು ಹಳದಿ ಕಾರುಗಳು ಹಿಂದೆ ಮುಂದೆ ಮುಚ್ಚಳ ತೆರೆದು ನಿಂತಿದ್ದವು. ಮಿರೆಲ್ಲಾಳ ಕಾರಿನ ಮುಂದಿನ ಮುಚ್ಚಳದೊಳಗೆ ಕಾರಿನ ಸಂಖ್ಯೆ 112 ಎಂದು ಕೊರೆದಿತ್ತು, ಎಂಜಿನ್ ಮುಚ್ಚುವ ಹಿಂದಿನ ಮುಚ್ಚಳದೊಳಗೆ 113. ಜಿನೋವಾದಿಂದ ಬಂದ ಕಾರಿನಲ್ಲಿ ಅದೇ ತಿರುವುಮುರುವು. ಈ ಮಾದರಿಯ ಕಾರಿನ ಚರಿತ್ರೆ ಬರೆಯುತ್ತ ಆರು ವರ್ಷ ಸವೆಸಿದ್ದ ಪ್ರೊಫೆಸರ್ ಬಾಲ್ದಿನಿ ಒಮ್ಮೆ ಇದರ ಕೆಳಗೆ, ಒಮ್ಮೆ ಅದರ ಕೆಳಗೆ ತೂರಿ, ಕೊನೆಗೆ ತಾವು ಯಾವುದರ ಕೆಳಗಿದ್ದೇವೆ ಎಂಬುದನ್ನೇ ಮರೆತರು.

“ನಂಗೆ ಒಂದೇ ಒಂದು ಹೇಳಿ ಸಾಕು,” ಎಂದಳು ಮಿರೆಲ್ಲಾ. “ನಮ್ಮಪ್ಪ ಓಡಿಸಿದ್ದು ಯಾವ್ದು?”

ಅವಳ ಅಪ್ಪ ಇವನ್ನು ತಯಾರಿಸಿದ ಕಾರ್ಖಾನೆಯ ಹೊಸ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುತ್ತಿದ್ದವನು. ಅವಳಿಗೆ ಐದು ವರ್ಷವಿದ್ದಾಗ ಒಂದು ದಿನ ಯಜಮಾನರ ಕಣ್ಣು ತಪ್ಪಿಸಿ, ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ್ದ. ಆ ಬೇಸಿಗೆಯಲ್ಲೇ ತೀರಿಕೊಂಡ. ಅವನ ದಿನಚರಿಯಲ್ಲಿ ‘112. ಮಗಳೂ ಜೊತೆಗಿದ್ದಳು’ ಎಂದಿತ್ತು. ಆ ಒಂದು ಸಾಲನ್ನು ಹಿಡಿದುಕೊಂಡು ಅವಳು ಇಪ್ಪತ್ತು ವರ್ಷ ಹುಡುಕಿ ಈ ಕಾರು ಕೊಂಡಿದ್ದಳು.

ಆಗ ಇವುಗಳ ತಗಡು ಬಡಿದವರಲ್ಲಿ ಈಗ ಉಳಿದಿರುವವನು, ಮಿರೆಲ್ಲಾ ಚಿಕ್ಕಪ್ಪ ಎಂದು ಕರೆಯುವ ಎಂಬತ್ತಮೂರರ ಫೆರ್ಮೊ ಒಬ್ಬನೇ. ಅವನು ಕಣ್ಣು ಮುಚ್ಚಿ ನಾಲ್ಕೂ ಮುಚ್ಚಳಗಳ ಅಂಚನ್ನು ಬೆರಳಿನಲ್ಲಿ ಸವರಿದ. ಸವರುತ್ತ ಸವರುತ್ತ ಮುಖ ಕೆಂಪಾಯಿತು.

“ಇದು ನಂದೇ ಕಿತಾಪತಿ,” ಎಂದ. “ನಮ್ಮೂರು ಕಾಯೋ ಜೆಮಿನಿಯಾನೊ ಸಂತನ ಹಬ್ಬದ ಹಿಂದಿನ ದಿನ. ಬಣ್ಣಕ್ಕೆ ಹೋಗಿದ್ದ ಮುಚ್ಚಳ ನಾಲ್ಕೂ ಒಟ್ಟಿಗೇ ವಾಪಸ್ ಬಂದ್ವು. ನಂಗೋ ಮನೇಲಿ ಬೇಯ್ತಿದ್ದ ಹಂದಿಕಾಲಿಂದೇ ಧ್ಯಾನ. ಒಂದು ಜೊತೆ ಅದಲುಬದಲು ಕೂರಿಸ್ಬಿಟ್ಟೆ. ಮುಂದಿನವೋ, ಹಿಂದಿನವೋ, ದೇವರಾಣೆ ನೆನಪಿಲ್ಲ. ಬೆರಳಗಲ ಸಂದು ಬಿತ್ತು.”

“ಬಿಚ್ಚಿ ಸರಿ ಮಾಡೋಕೆ ಏನಾಗಿತ್ತು ಧಾಡಿ?” ಬಾಲ್ದಿನಿ ಸಿಡುಕಿದರು.

“ಬಿಚ್ಚೋದಾ? ಪುಸ್ತಕ ಬರೆಯೋರು ಬಿಚ್ತಾರೆ ಪ್ರೊಫೆಸರ್ರೇ. ನಾವು ಬಡಿಯೋರು. ಕೂರೋವರೆಗೂ ಬಡ್ದೆ, ಕೂತ್ವು, ಮನೆಗೆ ಹೋದೆ.”

ಮಿರೆಲ್ಲಾ ದಿನಚರಿಯನ್ನು ಎದೆಗೆ ಒತ್ತಿಕೊಂಡಿದ್ದಳು. “ಆದ್ರೆ ಅಪ್ಪ ನೂರಾ ಹನ್ನೆರಡು ಅಂತ ಬರ್ದಿದ್ದಾರಲ್ಲ, ಚಿಕ್ಕಪ್ಪಾ?”

“ಯಾವ ಮುಚ್ಚಳ ಎತ್ತಿ ನೋಡಿ ಬರ್ದ್ನೋ! ನಂಬರ್ ಮುಂದಿದೆ, ಹಿಂದಿದೆ. ನೀನು ಕೂತಿದ್ದು ನಡುವೆ ಕಣಮ್ಮಾ. ನಡುವೆ ನಾವು ನಂಬರೇ ಹಾಕ್ತಿರ್ಲಿಲ್ಲ.”

ಬಾಲ್ದಿನಿ ತಲೆಯ ಮೇಲೆ ಕೈ ಹೊತ್ತು ಟೈರಿನ ಮೇಲೆ ಕೂತುಬಿಟ್ಟರು. ಆರು ವರ್ಷದ ಬರಹದಲ್ಲಿ ಈ ಹಂದಿಕಾಲನ್ನು ಎಲ್ಲಿ ಸೇರಿಸುವುದೆಂದು ಅವರಿಗೆ ತಿಳಿಯಲಿಲ್ಲ.

ಮಿರೆಲ್ಲಾ ತನ್ನ ಕಾರಿನೊಳಗೆ ಕೂತು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖದಲ್ಲಿ ನಗು ಮೂಡಿತು. ಇದೇ, ಸಂಶಯವೇ ಇಲ್ಲ ಎನ್ನುವಂತೆ ಇಳಿದು ಬಂದಳು. ಆಮೇಲೆ, ಸುಮ್ಮನೆ ನೋಡೋಣವೆಂದು, ಜಿನೋವಾದ ಕಾರಿನಲ್ಲೂ ಕೂತು ಕಣ್ಣು ಮುಚ್ಚಿದಳು. ಬಹಳ ಹೊತ್ತಾದರೂ ಇಳಿಯಲಿಲ್ಲ. ಫೆರ್ಮೊ ದಿಗಿಲುಗೊಂಡು ಬಗ್ಗಿ ನೋಡಿದ.

“ತೊಡೆ ಮೇಲೆ ಕೂತು ತಲೆ ಎತ್ತಿದ್ರೆ ಅಪ್ಪನ ಗದ್ದ ಕಾಣ್ತಿತ್ತು. ನಂಗೆ ನೆನಪಿರೋದು ಅಷ್ಟೇ,” ಎಂದಳು ಕಣ್ಣು ತೆರೆಯದೆ. “ಇದ್ರಲ್ಲೂ ಕಾಣ್ತಿದೆಯಲ್ಲಾ, ಚಿಕ್ಕಪ್ಪಾ!”