ಹೆಸರು ಹೇಳಿದರೆ ಲೋಡ್ ಆಗುತ್ತಾರೆ

ಗದಗದ ಮರುಓಟ ಕೇಂದ್ರದಲ್ಲಿ ಸತ್ತವರನ್ನು ಮನೆಯವರೊಡನೆ ಮಾತಾಡಲೆಂದು ಮಷೀನಿನಲ್ಲಿ ಒಂದೇ ಒಂದು ಸಲ, ನಾಲ್ಕು ನಿಮಿಷ ರನ್ ಮಾಡುತ್ತಾರೆ. ಮುಂಜಾನೆಯಿಂದ ಸರದಿಯಲ್ಲಿ ನಿಂತಿದ್ದ ನಾಗರತ್ನವ್ವನಿಗೆ ಹನ್ನೊಂದಕ್ಕೆ ಕುರ್ಚಿ ಸಿಕ್ಕಿತು. ಗಂಡನ ಪ್ರಾಣ ಹೋಗುವಾಗ ಅವಳು ಪಕ್ಕದಲ್ಲಿರಲಿಲ್ಲ. ತಪ್ಪಾಯಿತು ಎಂದು ಅವನಿಗೊಮ್ಮೆ ಹೇಳಬೇಕಿತ್ತು.

ಆಪರೇಟರ್ ದಾವಲಸಾಬ ಕಪ್ಪು ಪರದೆಯ ಮೇಲೆ ಟೈಪ್ ಮಾಡುತ್ತ ಹೇಳಿದ: "ಕೊನೇ ಉಸಿರಿನ ಹಿಂದಿನ ಸಾಲಿಗೆ ಬ್ರೇಕ್ ಹಾಕೇನ್ರೀ ಅವ್ವಾರ, ಅದರ ಮುಂದಕ ಹೋಗಾಂಗಿಲ್ಲ. ಸತ್ತದ್ದು ಅವರಿಗೆ ಗೊತ್ತಾಗಾಂಗಿಲ್ಲ. ಈಗ ಮೈಕಿನ್ಯಾಗ ಹೆಸರು ಹಿಡಿದು ಕರೀರಿ, ಲೋಡ್ ಆಗ್ತಾರ."

"ನೀನ ಕರಿಯಪಾ."

"ಮನಿಯವರ ದನೀನ ಬೇಕ್ರೀ. ನಿಮ್ಮ ನಾಚಿಕಿ ಈ ಮಷೀನಿಗೆ ಎಲ್ಲಿ ತಿಳೀತೈತಿ?"

ಮದುವೆಯಾದ ನಲವತ್ತೊಂದು ವರ್ಷಗಳಲ್ಲಿ ಗಂಡನ ಹೆಸರನ್ನು ಅವಳು ಒಮ್ಮೆಯೂ ಆಡಿರಲಿಲ್ಲ. ಸೆರಗು ಬಾಯಿಗೆ ಹಿಡಿದು ಮೂರು ಸಲ ಯತ್ನಿಸಿದಳು. ಹಿಂದಿದ್ದವರು ಗೊಣಗಿದರು. ಕಡೆಗೆ ಕಣ್ಣು ಮುಚ್ಚಿ ಅಂದಳು: "ಫಕೀರಪ್ಪ."

ದಾವಲಸಾಬ ರನ್ ಒತ್ತಿದ.

"ಯಾರದು ನನ್ನ ಕರದಿದ್ದು?" ಸ್ಪೀಕರಿನಲ್ಲಿ ಅವನದೇ ಕಫದ ದನಿ.

"ನಾನ್ರೀ! ನಾನ ಬಂದೀನ್ರೀ."

"ಖೊಟ್ಟಿ ಮಾತು. ದನಿ ಆಕೀದ ಐತಿ, ಖರೆ. ಆದ್ರ ಹೆಸರು ಹಿಡಿದು ಕರದಿ ನೀ. ನನ್ನ ಹೇಣ್ತಿ ಜೀವ ಹೋದ್ರೂ ಹಂಗ ಕರಿಯಾಕಿ ಅಲ್ಲ."

"ಇವರು ಕರಿಸ್ಯಾರ್ರೀ! ಕೇಳ್ರಿಲ್ಲೆ..."

"ನಿನ್ನ ಕೂಡ ಏನು ಮಾತು? ಆಕಿ ಬರ್ತಾಳ. ಬರೂ ತನಕ ನಾ ಬಾಯಿ ಬಿಡಾಂಗಿಲ್ಲ."

ಅವನು ಆಡಿದ ಮಾತಿಗೆ ತಪ್ಪುವವನಲ್ಲ. ಉಳಿದ ಮೂರು ನಿಮಿಷ ನಾಗರತ್ನವ್ವ "ಏನ್ರೀ, ಏನ್ರೀ" ಎನ್ನುತ್ತಲೇ ಇದ್ದಳು. ಸ್ಪೀಕರಿನಲ್ಲಿ ಅವನು ಅವಳಿಗಾಗಿ ಕಾಯುತ್ತಿರುವ ಉಸಿರು ಮಾತ್ರ ಕೇಳಿಸುತ್ತಿತ್ತು.