ಕಣ್ಣಿಗೊತ್ತಿದ ಬಟ್ಟೆ

ಚಿಕ್ಕತಾಯಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡೇ ಕುಳಿತಳು. ಮೇಜಿನ ಮೇಲೊಂದು ಪುಟ್ಟ ಕ್ಯಾಮೆರಾ ಇತ್ತು. ಮೇಲ್ಮನವಿ ಅಧಿಕಾರಿ ಇಂದುಧರ ನೀರಿನ ಲೋಟ ಮುಂದಿಟ್ಟರೂ ಅವಳು ಮುಟ್ಟಲಿಲ್ಲ. ಗಾರ್ಮೆಂಟ್ಸ್‌ನಲ್ಲೂ ಹೀಗೆಯೇ ಒಂದು ಕ್ಯಾಮೆರಾ ತಂದಿಟ್ಟು, ಅವಳ ಕೈಚಳಕವನ್ನೆಲ್ಲ ಕಬ್ಬಿಣದ ಕೈಗಳಿಗೆ ಇಳಿಸಿಕೊಂಡು, ನಾಲ್ಕು ತಿಂಗಳ ಹಿಂದೆ ಅವಳನ್ನು ಮನೆಗೆ ಕಳಿಸಿದ್ದರು.

“ನಿರುದ್ಯೋಗ ಭತ್ಯೆ ಹೇಗಮ್ಮ ಕೊಡೋದು? ನೀವು ದಿನಾ ಕೆಲಸಕ್ಕೆ ಹೋಗ್ತಿದ್ದೀರಲ್ಲ,” ಎಂದರು ಇಂದುಧರ. “ಹಾಜರಿಯಲ್ಲಿ ನಿಮ್ಮ ಹೆಸರೇ ಇದೆ.”

“ನಾನು ಮನೇಲಿವ್ನಿ ಸ್ವಾಮಿ. ದುಡೀತಿರೋದು ಆ ಕಬ್ಬುಣದ ಕೈ.”

“ಕೈ ನಿಮ್ಮದೇ ತಾನೇ?”

ಅವರು ಪರದೆಯನ್ನು ಅವಳತ್ತ ತಿರುಗಿಸಿದರು. ಅವಳ ಹಳೆಯ ಹೊಲಿಗೆ ಯಂತ್ರದ ಮುಂದೆ ಎರಡು ಕಬ್ಬಿಣದ ಕೈಗಳು ದಿನದ ಮೊದಲ ಬಟ್ಟೆಯನ್ನು ಎತ್ತಿಕೊಂಡವು. ಹೊಲಿಯುವ ಮುನ್ನ ಅದನ್ನು ಮೇಲಕ್ಕೊಯ್ದು, ಬರೀ ಗಾಳಿಗೆ ಭಕ್ತಿಯಿಂದ ಒತ್ತಿ ಇಳಿಸಿದವು.

ಚಿಕ್ಕತಾಯಮ್ಮ ಪರದೆಯತ್ತ ಬಾಗಿದಳು. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಅವಳು ಮೊದಲ ಬಟ್ಟೆಯನ್ನು ಕಣ್ಣಿಗೊತ್ತಿಕೊಳ್ಳದೆ ಹೊಲಿಗೆ ಶುರು ಮಾಡಿರಲಿಲ್ಲ.

“ಈ ರೂಢಿ ನಿಮ್ಮದಲ್ವಾ?”

“ನಂದೇಯ. ಆದ್ರೆ ಅದು ಕಣ್ಗೆ ಒತ್ಕಳದು ಸ್ವಾಮಿ. ಅಲ್ಲಿ ಕಣ್ಣು ಎಲ್ಲವ್ವೆ ತೋರ್ಸಿ! ಕಣ್ಣು ನನ್ ತಾವೇ ಅವೆ. ನಾನು ಅಲ್ಲಿಲ್ಲ ಅನ್ನಕ್ಕೆ ಇನ್ನೇನು ಬೇಕು?”

ಇಂದುಧರ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದರು. “ಒಳ್ಳೆ ಮಾತು ಹೇಳಿದ್ರಿ,” ಎಂದು ಬರೆದುಕೊಂಡು, ಬರೆದದ್ದನ್ನು ಓದಿ ಹೇಳಿದರು: “ಅರ್ಜಿದಾರರು ತಮ್ಮ ಕಣ್ಣುಗಳನ್ನು ಇನ್ನೂ ಕಂಪನಿಗೆ ಒಪ್ಪಿಸಿರುವುದಿಲ್ಲ.”

ಅಷ್ಟು ಹೊತ್ತೂ ಅವಳ ಸೆರಗನ್ನೇ ದಿಟ್ಟಿಸುತ್ತಿದ್ದ ಕ್ಯಾಮೆರಾ ಮೆಲ್ಲಗೆ ಕತ್ತೆತ್ತಿತು.